ಶುಗರ್ ಇಳಿಯುತ್ತಿಲ್ಲ, ಡಾಕ್ಟರ್ ಹಲ್ಲು ತೋರಿಸಿ ಅಂತಾರೆ. ಎರಡಕ್ಕೂ ಏನು ಸಂಬಂಧ?

ಉಣಕಲ್ ಹುಡುಗಿ

ಎಲ್ಲರಿಗೂ ನಮಸ್ಕಾರ. ನಮ್ಮದು ಹುಬ್ಬಳ್ಳಿ. ಅಪ್ಪನಿಗೆ ಅರವತ್ತು ದಾಟಿದೆ, ಬಹಳ ವರ್ಷದಿಂದ ಶುಗರ್. ಮಾತ್ರೆ ತಪ್ಪಿಸಲ್ಲ, ದಿನಾ ಬೆಳಿಗ್ಗೆ ಕೆರೆ ಸುತ್ತ ನಡೆದು ಬರುತ್ತಾರೆ, ಆದರೂ ಮೂರು ತಿಂಗಳ ಶುಗರ್ 9ರ ಹತ್ತಿರವೇ ನಿಂತಿದೆ. ಮೊನ್ನೆ ಶುಗರ್ ಡಾಕ್ಟರ್ ಬಾಯಿ ತೆಗೆಸಿ ನೋಡಿ, "ಮೊದಲು ಹಲ್ಲಿನವರ ಹತ್ತಿರ ಹೋಗಿ ಬನ್ನಿ, ಮಾತ್ರೆ ಜಾಸ್ತಿ ಮಾಡೋದು ಆಮೇಲೆ ನೋಡೋಣ" ಅಂದರು.

ಉಜ್ಜುವಾಗ ಒಸಡಿನಿಂದ ರಕ್ತ ಬರುತ್ತದೆ. ಕೆಳಗಿನ ಮುಂದಿನ ಹಲ್ಲುಗಳು ಅಲುಗಾಡುತ್ತವೆ. ಬಾಯಿ ವಾಸನೆ ಇದೆ. ನೋವು ಮಾತ್ರ ಇಲ್ಲ, ಹಾಗಾಗಿ ಅಪ್ಪ ಬರಲು ಒಪ್ಪುತ್ತಿಲ್ಲ. ಕ್ಲೀನಿಂಗ್ ಮಾಡಿಸಿದರೆ ಗಟ್ಟಿ ಇರೋ ಹಲ್ಲೂ ಸಡಿಲಾಗುತ್ತವೆ, ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಮಂಜಾಗುತ್ತದೆ ಅಂತ ದೊಡ್ಡಪ್ಪ ಬೇರೆ ಹೆದರಿಸಿಟ್ಟಿದ್ದಾರೆ. ಹಲ್ಲಿಗೂ ಶುಗರಿಗೂ ನಿಜವಾಗಿ ಸಂಬಂಧ ಇದೆಯಾ? ಅಪ್ಪನಿಗೆ ಏನು ಹೇಳಲಿ?

ಧಾರವಾಡದ ಹಲ್ಲಿನ ಡಾಕ್ಟರ್

ಇದೆ ನೋಡ್ರಿ, ಎರಡೂ ಕಡೆಯಿಂದ ಇದೆ. ಶುಗರ್ ಜಾಸ್ತಿ ಇದ್ದರೆ ಬಾಯಿ ಒಣಗುತ್ತದೆ, ಸೋಂಕಿನ ಜೊತೆ ಹೋರಾಡುವ ಶಕ್ತಿ ಕುಗ್ಗುತ್ತದೆ, ಒಸಡು ಬೇಗ ಕೆಡುತ್ತದೆ. ಒಸಡು ಕೆಟ್ಟಾಗ ಆ ಸೋಂಕನ್ನು ಎದುರಿಸಲು ದೇಹ ರಕ್ತಕ್ಕೆ ಬಿಡುವ ರಾಸಾಯನಿಕಗಳು ಇನ್ಸುಲಿನ್ ಕೆಲಸಕ್ಕೇ ಅಡ್ಡಗಾಲು ಹಾಕುತ್ತವೆ, ಶುಗರ್ ಇನ್ನೂ ಏರುತ್ತದೆ. 35 ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದ ಕೊಕ್ರೇನ್ ಅನ್ನೋ ವೈದ್ಯಕೀಯ ಸಂಶೋಧನಾ ಸಂಸ್ಥೆಯ 2022ರ ವಿಮರ್ಶೆಯಲ್ಲಿ, ಒಸಡಿನ ಚಿಕಿತ್ಸೆ ಪಡೆದ ಶುಗರ್ ರೋಗಿಗಳ ಮೂರು ತಿಂಗಳ ಶುಗರ್, ಅಂದರೆ ಎಚ್‌ಬಿಎ1ಸಿ ಮೂರು ನಾಲ್ಕು ತಿಂಗಳಲ್ಲಿ ಸರಾಸರಿ 0.4ರಷ್ಟು ಇಳಿದಿದೆ. ಅಂದರೆ 9 ಇದ್ದದ್ದು 8.6ರ ಹತ್ತಿರ. ಇಷ್ಟೇನಾ ಅನ್ನಬೇಡಿ, ಹೊಸ ಮಾತ್ರೆಯೊಂದಕ್ಕೂ ಕೆಲವು ಸಲ ಇಷ್ಟೇ ಇಳಿಯೋದು.

ನೋವಿಲ್ಲ ಅನ್ನುವುದನ್ನು ನಂಬಬೇಡಿ. ಒಸಡಿನ ಕಾಯಿಲೆ ಕೊನೆಯವರೆಗೂ ನೋಯಿಸದೇ ಮೂಳೆ ತಿನ್ನುತ್ತದೆ. ಕಾಲಿನಲ್ಲಿ ಒಂದು ಹುಣ್ಣು ತಿಂಗಳುಗಟ್ಟಲೆ ಒಣಗದೆ ಕೀವು ಸುರಿಸುತ್ತಿದ್ದರೆ ಅಪ್ಪ ಸುಮ್ನೆ ಕೂರುತ್ತಿದ್ದರಾ? ಇದೂ ಅಂಥದ್ದೇ, ಒಸಡಿನ ಸಂದಿಯಲ್ಲಿ ಇರುವುದರಿಂದ ಕಾಣುವುದಿಲ್ಲ ಅಷ್ಟೆ.

ಕ್ಲೀನಿಂಗ್‌ನಿಂದ ಹಲ್ಲು ಸಡಿಲಾಗಲ್ಲ. ಮೂಳೆ ಕರಗಿ ಹಲ್ಲು ಆಗಲೇ ಸಡಿಲಾಗಿರುತ್ತದೆ, ಮೇಲೆ ಕಲ್ಲಿನಂತೆ ಗಟ್ಟಿಯಾಗಿ ಕೂತ ಕೊಳೆ, ಅಂದರೆ ಗಾರೆ, ಅವನ್ನು ಒಂದಕ್ಕೊಂದು ಹಿಡಿದುಕೊಂಡಿರುತ್ತದೆ. ಗಾರೆ ತೆಗೆದ ಮೇಲೆ ಸಂದಿ ಕಂಡು ನಾಲಿಗೆಗೆ ಹೊಸದಾಗಿ ತಾಕುತ್ತದೆ, ಜನ ಕ್ಲೀನಿಂಗ್ ಮೇಲೆ ತಪ್ಪು ಹಾಕುತ್ತಾರೆ. ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತದೆ ಅನ್ನೋದೂ ಸುಳ್ಳು, ಎರಡರ ನರಗಳು ಬೇರೆ ಬೇರೆ. ಅಪ್ಪನ ಕಣ್ಣಿಗೆ ಅಪಾಯ ಇರೋದು ಶುಗರ್‌ನಿಂದ.

ಒಂದು ಕೇಳಲಾ? ಎಲೆ ಅಡಿಕೆ, ತಂಬಾಕು ಇದೆಯಾ? ಊಟ ಏನು ಮಾಡುತ್ತಾರೆ?

ಉಣಕಲ್ ಹುಡುಗಿ

ಊಟ ಆದ ಮೇಲೆ ಎಲೆ ಅಡಿಕೆ ಬೇಕೇ ಬೇಕು ಸರ್, ಚೂರು ತಂಬಾಕೂ ಸೇರುತ್ತದೆ. ಮೊದಲು ಎರಡು ಹೊತ್ತೂ ಜೋಳದ ರೊಟ್ಟಿ, ಕಾಳಿನ ಪಲ್ಯ, ಹಸಿ ಸೌತೆಕಾಯಿ. ಈಗ ಕಡಿಯಲು ಆಗಲ್ಲ ಅಂತ ರೊಟ್ಟಿ ಬಿಟ್ಟು ಮೆತ್ತಗೆ ಮಾಡಿದ ಅನ್ನ ಸಾರು, ಸಂಜೆ ಚಹಾದಲ್ಲಿ ಅದ್ದಿದ ಬಿಸ್ಕೀಟು.

ಧಾರವಾಡದ ಹಲ್ಲಿನ ಡಾಕ್ಟರ್

ಅಲ್ಲೇ ಇದೆ ನೋಡಿ ಇನ್ನೊಂದು ಕಾರಣ. ರೊಟ್ಟಿ, ಕಾಳು, ಹಸಿ ತರಕಾರಿ ಹೋಗಿ ಆ ಜಾಗಕ್ಕೆ ಅನ್ನ, ಬಿಸ್ಕೀಟು ಬಂದರೆ ಶುಗರ್ ಏರದೇ ಇರುತ್ತದಾ? ಈ ಊಟದ ವಿಷಯ ಶುಗರ್ ಡಾಕ್ಟರಿಗೂ ಹೇಳಿ.

ತಂಬಾಕು ಬಿಡಿಸಲೇಬೇಕು. ಬರೀ ಅಡಿಕೆಯೂ ಕ್ಯಾನ್ಸರ್ ತರುವ ಪದಾರ್ಥಗಳ ಪಟ್ಟಿಯಲ್ಲಿದೆ. ಅಪ್ಪನಿಗೆ ತಮ್ಮದೇ ಮೂರು ಬೆರಳು ಒಂದರ ಮೇಲೊಂದು ಬರುವಂತೆ ಜೋಡಿಸಿ ಬಾಯಿಗೆ ಇಟ್ಟು ನೋಡಲು ಹೇಳಿ. ಮೇಲಿನ ಕೆಳಗಿನ ಹಲ್ಲಿನ ನಡುವೆ ಹಿಡಿಸದಿದ್ದರೆ, ಕೆನ್ನೆ ಒಳಗೆ ಬಿಳಿ ಅಥವಾ ಕೆಂಪು ಮಚ್ಚೆ ಇದ್ದರೆ, ಎರಡು ವಾರವಾದರೂ ಮಾಯದ ಹುಣ್ಣು ಇದ್ದರೆ ತಡ ಮಾಡಬೇಡಿ.

ಗದಗದ ಸಿಸ್ಟರ್

ನಾನು ನರ್ಸ್. ಹುಳುಕು ಹಲ್ಲಿನ ಕೀವು ಶುಗರ್ ಇದ್ದವರಲ್ಲಿ ಬೇಗ ಹರಡುತ್ತದೆ. ದವಡೆ ಕೆಳಗೆ, ಕತ್ತಿನ ಕಡೆ ಬಾವು ಬಂದು ನುಂಗಲು ಕಷ್ಟ ಆದರೆ ಬೆಳಗಾಗುವ ತನಕ ಕಾಯಬೇಡಿ, ಉಸಿರಿನ ದಾರಿಯೇ ಮುಚ್ಚಬಹುದು. ಮನೆಯಲ್ಲಿ ಯಾರಿಗಾದರೂ ಹೃದಯದ ಕವಾಟ ಬದಲಿಸಿದ್ದರೆ ಹಲ್ಲು ಕೀಳುವ ಮೊದಲೇ ಹೇಳಿ, ಬಾಯಿಯ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿ ಕವಾಟಕ್ಕೆ ಅಂಟದಂತೆ ಒಂದು ತಾಸು ಮುಂಚೆ ಆಂಟಿಬಯೋಟಿಕ್ ಕೊಡುತ್ತಾರೆ. ರಕ್ತ ತೆಳುವಾಗುವ ಮಾತ್ರೆ ಇದ್ದರೆ ನೀವಾಗಿಯೇ ನಿಲ್ಲಿಸಬೇಡಿ.

ಹಾವೇರಿ ಅಣ್ಣ

ಒಸಡು ಕೆಟ್ಟರೆ ಹಾರ್ಟ್ ಅಟ್ಯಾಕ್ ಗ್ಯಾರಂಟಿ ಅಂತ ವಾಟ್ಸಾಪ್‌ನಲ್ಲಿ ಬಂದಿತ್ತು. ನಿಜಾನಾ ಡಾಕ್ಟರೇ?

ಧಾರವಾಡದ ಹಲ್ಲಿನ ಡಾಕ್ಟರ್

ಹಾಗೆ ಹೇಳೋದು ತಪ್ಪು. ಎರಡೂ ಒಟ್ಟಿಗೆ ಕಾಣಿಸಿಕೊಳ್ಳುವುದು ಜಾಸ್ತಿ ಅನ್ನೋದು ನಿಜ. ಆದರೆ ಒಂದು ಇನ್ನೊಂದಕ್ಕೆ ಕಾರಣ ಅನ್ನುವುದಕ್ಕೆ ಪುರಾವೆ ಸಾಲದು ಅಂತ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2012ರಲ್ಲೇ ಹೇಳಿದೆ. ತಂಬಾಕು, ಶುಗರ್ ಇವು ಒಸಡಿನ ಕಾಯಿಲೆಗೂ ಹೃದಯದ ಕಾಯಿಲೆಗೂ ಹಾದಿ ಮಾಡಿಕೊಡುತ್ತವೆ. ಶುಗರ್ ವಿಷಯದಲ್ಲಿ ಪುರಾವೆ ಗಟ್ಟಿ ಇದೆ, ಹೃದಯದ ವಿಷಯದಲ್ಲಿ ಅಷ್ಟಿಲ್ಲ. ಇನ್ನೊಂದು, ನಡೆಯುವಾಗ ಮೆಟ್ಟಿಲು ಹತ್ತುವಾಗ ಕೆಳದವಡೆ ನೋಯ್ದು, ನಿಂತರೆ ಕಡಿಮೆಯಾದರೆ ಅದು ಹಲ್ಲಲ್ಲ, ಹೃದಯ ಇರಬಹುದು. ಮೊದಲು ಇಸಿಜಿ ಮಾಡಿಸಿ.

ಮುಂಡರಗಿ ಮಾಸ್ತರ

ಸ್ವಲ್ಪ ಬೇರೆ ಮಾತು. ನಮ್ಮ ಕಡೆ ಮಕ್ಕಳ ಮುಂದಿನ ಹಲ್ಲಿನ ಮೇಲೆ ಕಂದು ಗೆರೆ ಇರುತ್ತದೆ, ಸರಿಯಾಗಿ ಉಜ್ಜಲ್ಲ ಅಂತ ಜನ ಬೈತಾರೆ. ಅದು ಬೋರ್ ನೀರಿನ ಫ್ಲೋರೈಡ್ ರೀ, ಉಜ್ಜಿದರೆ ಹೋಗಲ್ಲ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕೆಡುತ್ತವೆ, ಇನ್ನೂ ಜಾಸ್ತಿ ಇದ್ದರೆ ಮುಂದೆ ಬೆನ್ನು, ಕೀಲುಗಳೂ ಬಿಗಿಯುತ್ತವೆ. ಕಾಯಿಸಿದರೂ ಫ್ಲೋರೈಡ್ ಹೋಗಲ್ಲ, ಶುದ್ಧ ನೀರಿನ ಘಟಕದ ನೀರೇ ಕುಡಿಸಿ. ಮಕ್ಕಳ ಹಲ್ಲು ಬೆಳೆಯುವ ವಯಸ್ಸಿನಲ್ಲೇ ಇದನ್ನು ನೋಡಬೇಕು, ಆಮೇಲೆ ಆ ಗುರುತು ಹೋಗಲ್ಲ.

ಉಣಕಲ್ ಹುಡುಗಿ

ಎಲ್ಲರಿಗೂ ಥ್ಯಾಂಕ್ಸ್. ಸಂಜೆ ಅಪ್ಪನಿಗೆ ಇದನ್ನೆಲ್ಲ ಓದಿ ಹೇಳಿದೆ. ಮತ್ತೆ ರೊಟ್ಟಿ ತಿನ್ನಬಹುದು ಅಂದ ಮೇಲೆ ಒಪ್ಪಿದರು. ಸತ್ತೂರಿನ ಎಸ್‌ಡಿಎಂ ದಂತ ಕಾಲೇಜಿಗೆ ಹೋಗೋಣ ಅಂತ ಇದ್ದೇವೆ. ಖಾಲಿ ಹೊಟ್ಟೆಯಲ್ಲಿ ಹೋಗಬೇಕಾ?

ಧಾರವಾಡದ ಹಲ್ಲಿನ ಡಾಕ್ಟರ್

ಬೇಡವೇ ಬೇಡ. ನಾಷ್ಟಾ ಮಾಡಿಸಿ, ಶುಗರ್ ಮಾತ್ರೆ ಎಂದಿನಂತೆ ಕೊಟ್ಟು, ಬೆಳಗಿನ ಹೊತ್ತೇ ಕರೆದುಕೊಂಡು ಹೋಗಿ. ಹೊಟ್ಟೆ ಖಾಲಿ ಇದ್ದು ಕುರ್ಚಿಯ ಮೇಲೆ ಶುಗರ್ ಇಳಿದರೆ ಅದೇ ದೊಡ್ಡ ತೊಂದರೆ. ಇತ್ತೀಚಿನ ರಿಪೋರ್ಟು, ತಗೊಳ್ಳುವ ಎಲ್ಲ ಮಾತ್ರೆಗಳ ಚೀಟಿ ಕೈಯಲ್ಲಿರಲಿ. ಒಸಡಿನ ಒಳಗಿನವರೆಗೂ ಕ್ಲೀನ್ ಮಾಡಲು ಒಂದೇ ದಿನದಲ್ಲಿ ಆಗಲಿಕ್ಕಿಲ್ಲ, ಮತ್ತೆ ಕರೆದರೆ ಅರ್ಧಕ್ಕೆ ಬಿಡಬೇಡಿ. ಮೂರು ತಿಂಗಳ ಮೇಲೆ ಶುಗರ್ ಮಾಡಿಸಿ ಇಲ್ಲೇ ಹಾಕಿ, ನೋಡೋಣ.