ಅಪ್‌ಡೇಟ್: ಮಾನಿಟರಿಂಗ್ ಸ್ಕ್ರಿಪ್ಟ್‌ಗೆ ಈಗ ಸ್ವಿಚ್ ಸಿಗುತ್ತಿದೆ

ಮೊದಲು ಕೇಳಿದ್ದು ಇಷ್ಟು: ಸರ್ವರ್‌ನಲ್ಲಿರುವ ನನ್ನ ಪೈಥಾನ್ ಸ್ಕ್ರಿಪ್ಟ್‌ಗೆ ಗೋಡೌನ್‌ನ ನೆಟ್‌ವರ್ಕ್ ಸ್ವಿಚ್ (172.17.4.10) ಒಂದು ಮಾತ್ರ ಸಿಗುತ್ತಿರಲಿಲ್ಲ. ಎಸ್ಎನ್ಎಂಪಿ (ನೆಟ್‌ವರ್ಕ್ ಸಾಧನಗಳಿಂದ ಮಾಹಿತಿ ಕೇಳುವ ವಿಧಾನ) ಟೈಮ್‌ಔಟ್ ಆಗುತ್ತಿತ್ತು. ಲ್ಯಾಪ್‌ಟಾಪ್‌ನಿಂದ ಕೇಳಿದರೆ ಅದೇ ಸ್ವಿಚ್ ತಕ್ಷಣ ಉತ್ತರ ಕೊಡುತ್ತಿತ್ತು.

ಫೈರ್‌ವಾಲ್, ಕಮ್ಯೂನಿಟಿ ಸ್ಟ್ರಿಂಗ್ (ಎಸ್ಎನ್ಎಂಪಿಗೆ ಪಾಸ್‌ವರ್ಡ್ ಇದ್ದಂತೆ) ಎರಡೂ ಸರಿ ಇದ್ದವು. ಗಂಟು ಬಿಚ್ಚಿದ್ದು, "ಸರ್ವರ್‌ನಿಂದಲೇ ಪಿಂಗ್ ಮಾಡಿ, ಬಂದ ಸಾಲನ್ನು ಪೂರ್ತಿ ಓದಿ" ಎಂದವರ ಮಾತು. ಅವರಿಗೆ ತುಂಬಾ ಥ್ಯಾಂಕ್ಸ್. 'ಹೋಸ್ಟ್ ಅನ್‌ರೀಚಬಲ್' ಎಂಬ ಉತ್ತರ ಬರುತ್ತಿದ್ದದ್ದು 172.17.0.1ರಿಂದ. ಅದು ನಮ್ಮ ಗೇಟ್‌ವೇ ಅಲ್ಲವೇ ಅಲ್ಲ! 'ಐಪಿ ರೂಟ್ ಗೆಟ್' ಕಮಾಂಡ್ ಕೊಟ್ಟು ನೋಡಿದರೆ ದಾರಿ ಹೋಗುತ್ತಿದ್ದದ್ದು 'ಡಾಕರ್0' ಕಡೆಗೆ, ಅಂದರೆ ಸರ್ವರ್ ಒಳಗೇ ಡಾಕರ್ ಮಾಡಿಕೊಂಡ ಬ್ರಿಡ್ಜ್ ನೆಟ್‌ವರ್ಕ್ ಕಡೆಗೆ.

ಡಾಕರ್ (ಪ್ರೋಗ್ರಾಂಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಆವರಣಗಳಲ್ಲಿ ಓಡಿಸುವ ಸಾಫ್ಟ್‌ವೇರ್) ತನ್ನ ಬ್ರಿಡ್ಜ್‌ಗೆ ಸಾಮಾನ್ಯವಾಗಿ 172.17.0.0/16, ಅಂದರೆ 172.17ರಿಂದ ಶುರುವಾಗುವ ಎಲ್ಲ ವಿಳಾಸಗಳನ್ನು ತೆಗೆದುಕೊಳ್ಳುತ್ತದೆ. ನಮ್ಮ ಗೋಡೌನ್ ನೆಟ್‌ವರ್ಕ್ ಕೂಡ ಅದರೊಳಗೇ ಇದೆ. ಹಾಗಾಗಿ ಪ್ಯಾಕೆಟ್ ಸರ್ವರ್ ಬಿಟ್ಟು ಹೊರಗೇ ಹೋಗುತ್ತಿರಲಿಲ್ಲ. ಸ್ವಿಚ್‌ನ ಲಾಗ್‌ನಲ್ಲಿ ಏನೂ ಕಾಣದಿದ್ದದ್ದಕ್ಕೂ ಇದೇ ಕಾರಣ. ಲ್ಯಾಪ್‌ಟಾಪ್‌ನಲ್ಲಿ ಡಾಕರ್ ಇಲ್ಲ, ಅಲ್ಲಿ ತೊಂದರೆಯೂ ಇಲ್ಲ.

ಡಾಕರ್‌ನ ಸೆಟ್ಟಿಂಗ್ಸ್ ಇರುವ ಡೀಮನ್ ಜೇಸನ್ ಫೈಲ್‌ನಲ್ಲಿ 'ಬಿಐಪಿ' (ಬ್ರಿಡ್ಜ್‌ನ ಐಪಿ ವಿಳಾಸ) ಎಂಬುದನ್ನು 10.200.0.1/24 ಮಾಡಿ, ಸರ್ವಿಸ್ ರೀಸ್ಟಾರ್ಟ್ ಮಾಡಿದೆ. ಕಂಟೇನರ್‌ಗಳು ಸ್ವಲ್ಪ ಹೊತ್ತು ನಿಲ್ಲುತ್ತವೆ, ಆಫೀಸ್ ಸಮಯದಲ್ಲಿ ಸುಮ್ನೆ ಕೈ ಹಾಕಬೇಡಿ. ಆಮೇಲೆ ಸ್ಕ್ರಿಪ್ಟ್‌ನಲ್ಲಿ ಒಂದಕ್ಷರವನ್ನೂ ಬದಲಿಸದೆ ಪೋರ್ಟ್‌ಗಳ ಟ್ರಾಫಿಕ್ ಬರತೊಡಗಿತು.

ಕಂಪೋಸ್ (ಹಲವು ಕಂಟೇನರ್‌ಗಳನ್ನು ಒಟ್ಟಿಗೆ ನಡೆಸುವ ಡಾಕರ್ ಸಾಧನ) ಬಳಸುವವರು ಅದೇ ಫೈಲ್‌ನಲ್ಲಿ 'ಡೀಫಾಲ್ಟ್ ಅಡ್ರೆಸ್ ಪೂಲ್ಸ್' ಕೂಡ ಬದಲಿಸಿ. ಇಲ್ಲದಿದ್ದರೆ ಡಾಕರ್ ಹೊಸ ನೆಟ್‌ವರ್ಕ್‌ಗಳಿಗೆ 172.18, 172.19 ಎಂದು ಮುಂದಿನವನ್ನು ಹಿಡಿಯುತ್ತಾ ಹೋಗುತ್ತದೆ, 'ಬಿಐಪಿ' ಅದನ್ನು ತಡೆಯುವುದಿಲ್ಲ.