ಅಜ್ಜನ ಹುತ್ತರಿ ಹಾಡು: ಒಂದು ಕಡೆ ಚಿತ್ರ ಇಲ್ಲ, ಎಲ್ಲೂ ಸಬ್‌ಟೈಟಲ್ ಇಲ್ಲ

ಕೇಳಿದ್ದು, ವಿರಾಜಪೇಟೆ ಕಡೆಯಿಂದ:

ಕೊಡಗಿನ ಸುಗ್ಗಿ ಹಬ್ಬ ಹುತ್ತರಿಯ ರಾತ್ರಿ ನಮ್ಮ ಐನ್‌ಮನೆಯಲ್ಲಿ (ಮನೆತನದ ಮೂಲ ಮನೆ) ಅಜ್ಜ ಮತ್ತು ಇನ್ನು ಮೂವರು ದುಡಿ ಅನ್ನುವ ಸಣ್ಣ ಚರ್ಮವಾದ್ಯ ಹಿಡಿದು ಹಾಡಿದ್ದನ್ನು ಐಫೋನಿನಲ್ಲಿ ರೆಕಾರ್ಡ್ ಮಾಡಿದ್ದೆ. 40 ನಿಮಿಷ ಇದೆ. ಕೊಡವ ತಕ್ಕ್ (ಕೊಡವ ಭಾಷೆ) ಸರಿಯಾಗಿ ಬಾರದ ಮಕ್ಕಳಿಗೂ ಅರ್ಥ ಆಗಲಿ ಅಂತ ಕನ್ನಡ ಸಬ್‌ಟೈಟಲ್ ಮಾಡಿಸಿ ಒಕ್ಕದ (ನಮ್ಮ ಮನೆತನದ) ವೆಬ್‌ಸೈಟಿಗೆ ಹಾಕಿದೆ. ನನ್ನ ಫೋನಿನಲ್ಲಿ ವಿಡಿಯೋ ಚೆನ್ನಾಗಿ ಓಡುತ್ತದೆ. ಸಿದ್ದಾಪುರದ ಚಿಕ್ಕಪ್ಪನ ಹಳೇ ಕಂಪ್ಯೂಟರಿನಲ್ಲಿ ಹಾಡು ಕೇಳುತ್ತದೆ, ಪರದೆ ಮಾತ್ರ ಕಪ್ಪು. ಸಬ್‌ಟೈಟಲ್ ಅಂತೂ ಯಾರಿಗೂ ಕಾಣಿಸಿಲ್ಲ. ಎಲ್ಲರಿಗೂ ಯಾವ ಬ್ರೌಸರ್ ಹಾಕಿಕೊಳ್ಳಿ ಅಂತ ಹೇಳಲಿ?

ಮಡಿಕೇರಿಯಿಂದ:

ಒಕ್ಕದವರಿಗೆಲ್ಲ ಬ್ರೌಸರ್ ಬದಲಿಸಿ ಅಂತ ಹೇಳುತ್ತಾ ಕೂರಬೇಡಿ ಅಣ್ಣಾ. ಬದಲಿಸಬೇಕಾದ್ದು ಫೈಲನ್ನು. ಅಕ್ಕನ ಮದುವೆ ವಿಡಿಯೋ ಹಾಕುವಾಗ ನಾನೂ ಇದೇ ದಾರಿ ಹಿಡಿದಿದ್ದೆ. ಅರ್ಧ ಊರಿಗೆ ಫೋನಿನಲ್ಲೇ ಬ್ರೌಸರ್ ಅಪ್‌ಡೇಟ್ ಮಾಡುವುದನ್ನು ಕಲಿಸಿದ್ದಷ್ಟೇ ಬಂತು.

ಎಂಪಿ4, ಎಂಒವಿ ಅನ್ನುವುದೆಲ್ಲ ಬರೀ ಚೀಲದ ಹೆಸರು. ಒಳಗೆ ಪಾರ್ಚ್‌ಮೆಂಟ್ ಇದೆಯೋ ಚೆರಿ ಇದೆಯೋ ಅಂತ ಕಾಫಿ ಚೀಲ ನೋಡಿದರೆ ಗೊತ್ತಾಗುವುದಿಲ್ಲ ಅಲ್ವಾ, ಹಾಗೆ. ಒಳಗಿರುವುದು ಕೋಡೆಕ್, ಅಂದರೆ ವಿಡಿಯೋವನ್ನು ಒತ್ತಿ ಚಿಕ್ಕದು ಮಾಡಿ, ನೋಡುವಾಗ ಮತ್ತೆ ಬಿಚ್ಚುವ ವಿಧಾನ. ಐಫೋನ್ 2017ರಿಂದ ಈಚೆಗೆ, ನೀವು ಸೆಟ್ಟಿಂಗ್ ಮುಟ್ಟದೇ ಇದ್ದರೆ, ಎಚ್.265ರಲ್ಲಿ ರೆಕಾರ್ಡ್ ಮಾಡುತ್ತದೆ. ಎಚ್‌ಇವಿಸಿ ಅಂತಲೂ ಕರೆಯುತ್ತಾರೆ. ಸಫಾರಿ ಅದನ್ನು ಆ ವರ್ಷದಿಂದಲೇ ಓಡಿಸುತ್ತದೆ. ಕ್ರೋಮ್ ಶುರು ಮಾಡಿದ್ದು 2022ರ 107ನೇ ಆವೃತ್ತಿಯಲ್ಲಿ, ಅದೂ ಕಂಪ್ಯೂಟರಿನ ಚಿಪ್‌ಗೆ ಅದನ್ನು ಬಿಚ್ಚುವ ತಾಕತ್ತು ಇದ್ದರೆ ಮಾತ್ರ. ವಿಂಡೋಸ್‌ನ ಫೈರ್‌ಫಾಕ್ಸಿಗೆ ಬಂದದ್ದು 2025ರಲ್ಲಿ. ಚಿಕ್ಕಪ್ಪನ ಕಂಪ್ಯೂಟರ್ ಹಳೆಯದು ಅಂದಿರಲ್ಲ, ಅಲ್ಲೇ ಸಿಕ್ಕಿಹಾಕಿಕೊಂಡಿರುವುದು. ಧ್ವನಿ ಎಎಸಿ ಅನ್ನುವ ಬೇರೆ ಕೋಡೆಕ್‌ನಲ್ಲಿರುತ್ತದೆ, ಅದು ಎಲ್ಲ ಕಡೆ ನಡೆಯುತ್ತದೆ. ಅದಕ್ಕೇ ಹಾಡು ಬಂತು, ಅಜ್ಜ ಕಾಣಲಿಲ್ಲ.

ಆ ಕಂಪ್ಯೂಟರಿನಲ್ಲೇ ವಿಎಲ್‌ಸಿ ಅನ್ನುವ ವಿಡಿಯೋ ಪ್ಲೇಯರ್ ಹಾಕಿ ನೋಡಿದರೆ ಚಿತ್ರ ಬರಬಹುದು. ನಾನು ಮೋಸ ಹೋದದ್ದು ಅಲ್ಲೇ. ಕೋಡೆಕ್ ಬಿಚ್ಚುವ ಸಾಮಾನೆಲ್ಲ ವಿಎಲ್‌ಸಿ ತನ್ನ ಜೊತೆಗೇ ತರುತ್ತದೆ, ಬ್ರೌಸರ್ ತರುವುದಿಲ್ಲ. ಅದರಲ್ಲಿ ಓಡಿತು ಅಂತ ಫೈಲ್ ಸರಿ ಇದೆ ಅಂದುಕೊಳ್ಳಬೇಡಿ. ಆದರೆ ಅದರ ಟೂಲ್ಸ್ ಮೆನುವಿನಲ್ಲಿ ಕೋಡೆಕ್ ಯಾವುದು ಅಂತ ತೋರಿಸುತ್ತದೆ, ಅದಕ್ಕೆ ಬಳಸಿ.

ಮದ್ದು ಸುಲಭ. ಹ್ಯಾಂಡ್‌ಬ್ರೇಕ್ ಅಂತ ಉಚಿತ ಸಾಫ್ಟ್‌ವೇರ್ ಇದೆ. ಅದರಲ್ಲಿ ಎಂಪಿ4, ಎಚ್.264, ಎಎಸಿ ಆರಿಸಿ. ಎಚ್.264 2003ರಷ್ಟು ಹಳೆಯದು, ಹಾಗಾಗಿ ಇವತ್ತು ಬಳಕೆಯಲ್ಲಿರುವ ಎಲ್ಲ ಬ್ರೌಸರೂ ಓಡಿಸುತ್ತದೆ. 10 ಬಿಟ್ ಅಂತ ಬರೆದ ಆಯ್ಕೆ ಮುಟ್ಟಬೇಡಿ, ಮತ್ತೆ ಅದೇ ಕಥೆ ಆಗುತ್ತದೆ. ಫೈಲ್ ದೊಡ್ಡದಾಗುತ್ತದೆ, ನಿಜ. ಚಿತ್ರದ ಗಾತ್ರ (ರೆಸಲ್ಯೂಶನ್) 720ಕ್ಕೆ ಇಳಿಸಿ, ಹಾಡು ಕೇಳುವುದಕ್ಕೆ ಧಾರಾಳ ಸಾಕು.

‘ವೆಬ್ ಆಪ್ಟಿಮೈಸ್ಡ್’ ಅಂತ ಒಂದು ಚೌಕ ಇದೆ. ಅದಕ್ಕೆ ತಪ್ಪದೆ ಟಿಕ್ ಹಾಕಿ. ಎಂಪಿ4ರ ಒಳಗೆ ಯಾವುದು ಎಲ್ಲಿದೆ ಅನ್ನುವ ಪಟ್ಟಿ ಸಾಮಾನ್ಯವಾಗಿ ಫೈಲಿನ ಬಾಲದಲ್ಲಿರುತ್ತದೆ. ಆ ಪಟ್ಟಿ ಸಿಗದೆ ಬ್ರೌಸರ್ ಶುರುವೇ ಮಾಡುವುದಿಲ್ಲ. ಟಿಕ್ ಹಾಕಿದರೆ ಅದು ಮುಂದಕ್ಕೆ ಬರುತ್ತದೆ. ತೋಟದ ಮನೆಯಲ್ಲಿ ಒಂದೇ ಕಡ್ಡಿ ಸಿಗ್ನಲ್ ಇಟ್ಟುಕೊಂಡು ನೋಡುವವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಮತ್ತೆ, ಲ್ಯಾಪ್‌ಟಾಪಿಗೆ ಚಾರ್ಜ್ ತುಂಬಿಸಿಕೊಂಡೇ ಕೂರಿ. ಅರ್ಧದಲ್ಲಿ ಕರೆಂಟ್ ಹೋಗಿ ನಾನು ಎರಡು ಸಲ ಮೊದಲಿನಿಂದ ಮಾಡಿದ್ದೇನೆ.

ಗೋಣಿಕೊಪ್ಪದಿಂದ:

ಎವಿ1 ಅನ್ನುವ ಹೊಸ ಕೋಡೆಕ್‌ಗೆ ಮಾಡಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. 2018ರದ್ದು, ಉಚಿತ, ಫೈಲೂ ಚಿಕ್ಕದಾಗುತ್ತದೆ. ಎಲ್ಲ ಸರಿ, ಆದರೆ ಚಿಕ್ಕಪ್ಪನ ಕಂಪ್ಯೂಟರ್ ಅದನ್ನು ಬಿಚ್ಚುವಷ್ಟರಲ್ಲಿ ಫ್ಯಾನ್ ದುಡಿಗಿಂತ ಜೋರಾಗಿ ಕೂಗುತ್ತದೆ.

ಕುಶಾಲನಗರದಿಂದ:

ಸಬ್‌ಟೈಟಲ್ ವಿಷಯ ನಾನು ಹೇಳುತ್ತೇನೆ. ನಿಮ್ಮ ಸಬ್‌ಟೈಟಲ್ ಫೈಲ್ ಬಹುಶಃ ಎಸ್‌ಆರ್‌ಟಿ ಅನ್ನುವ ಮಾದರಿಯದ್ದು. ಬ್ರೌಸರುಗಳು ಅದನ್ನು ಓದುವುದಿಲ್ಲ, ವೆಬ್‌ವಿಟಿಟಿ ಅನ್ನುವ ಮಾದರಿ ಬೇಕು. ವ್ಯತ್ಯಾಸ ಬಹಳ ಇಲ್ಲ. ಮೊದಲ ಸಾಲಿನಲ್ಲಿ ವೆಬ್‌ವಿಟಿಟಿ ಅನ್ನುವ ಹೆಸರನ್ನು ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಒಂದೇ ಪದವಾಗಿ ಬರೆಯಿರಿ, ಕೆಳಗೆ ಒಂದು ಸಾಲು ಖಾಲಿ ಬಿಡಿ. ಆಮೇಲೆ ಸಮಯದಲ್ಲಿ ಸೆಕೆಂಡಿನ ನಂತರ ಇರುವ ಅಲ್ಪವಿರಾಮವನ್ನು ಚುಕ್ಕಿ ಮಾಡಿ:

00:00:05.000 --> 00:00:08.500

ಇಷ್ಟು ಮಾಡಿದ ಮೇಲೂ ನನಗೆ ಬಂದದ್ದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಒಂದು ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದ್ದೆ, ಅದು ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಹಳೇ ಫಾಂಟಿನಲ್ಲಿತ್ತು. ಫಾಂಟ್ ಇರುವ ಕಂಪ್ಯೂಟರಿನಲ್ಲಿ ಕನ್ನಡವಾಗಿ ಕಾಣುತ್ತದೆ, ಬ್ರೌಸರಿಗೆ ಅದು ಕನ್ನಡವೇ ಅಲ್ಲ. ‘ನುಡಿ’, ‘ಬರಹ’ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ಎರಡರಲ್ಲೂ ಯೂನಿಕೋಡಿಗೆ ಬದಲಿಸುವ ಸೌಲಭ್ಯ ಇದೆ. ಬದಲಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಮ್ಮೆ ಕಣ್ಣಲ್ಲಿ ನೋಡಿ, ನನ್ನದರಲ್ಲಿ ಅಲ್ಲೇ ತಪ್ಪಿತ್ತು. ಫೈಲ್ ಉಳಿಸುವಾಗ ಎನ್‌ಕೋಡಿಂಗ್ ಅನ್ನುವಲ್ಲಿ ಯುಟಿಎಫ್-8 ಆರಿಸಿ.

ಇನ್ನೊಂದು. ಪುಟವನ್ನು ನಿಮ್ಮ ಕಂಪ್ಯೂಟರಿನಲ್ಲೇ ಡಬಲ್ ಕ್ಲಿಕ್ ಮಾಡಿ ಪರೀಕ್ಷಿಸಿದರೆ ಕ್ರೋಮ್ ಸಬ್‌ಟೈಟಲ್ ಫೈಲನ್ನು ಒಳಗೆ ಬಿಡುವುದಿಲ್ಲ. ಭದ್ರತೆಯ ನಿಯಮ ಅದು. ನಾನು ಸುಮ್ನೆ ಒಂದು ಸಂಜೆ ಇಲ್ಲದ ತಪ್ಪು ಹುಡುಕಿದೆ. ಸೈಟಿಗೆ ಏರಿಸಿಯೇ ನೋಡಿ.

ಕೇಳಿದವರು:

ಅಕ್ಷರಗಳನ್ನು ಚಿತ್ರದ ಮೇಲೇ ಅಚ್ಚು ಹಾಕಿಬಿಟ್ಟರೆ ಇದೆಲ್ಲ ತಲೆನೋವು ಇಲ್ಲ ಅಲ್ವಾ?

ಮಡಿಕೇರಿಯಿಂದ:

ವಾಟ್ಸ್‌ಆಪಿಗೆ ಕಳಿಸುವುದಕ್ಕೆ ಹಾಗೇ ಮಾಡಿ, ಹ್ಯಾಂಡ್‌ಬ್ರೇಕಿನಲ್ಲಿ ‘ಬರ್ನ್ ಇನ್’ ಅಂತ ಇದೆ. ಸೈಟಿಗೆ ಬೇಡ. ಬೇರೆ ಫೈಲ್ ಆಗಿದ್ದರೆ ಬೇಡದವರು ಮುಚ್ಚಿಕೊಳ್ಳಬಹುದು. ನಾಳೆ ಹಾಡಿನ ಮೂಲ ಮಾತುಗಳನ್ನೂ ಇನ್ನೊಂದು ಸಬ್‌ಟೈಟಲ್ ಆಗಿ ಸೇರಿಸಬಹುದು. ಸೈಟ್ ಮಾಡಿದ ಹುಡುಗನಿಗೆ ಹೇಳಿ, ಪುಟದಲ್ಲಿ ವಿಡಿಯೋಗೆ ಸಬ್‌ಟೈಟಲ್ ಜೋಡಿಸುವ ಟ್ರ್ಯಾಕ್ ಟ್ಯಾಗ್‌ನಲ್ಲಿ ಭಾಷೆಯ ಸಂಕೇತ ಕನ್ನಡಕ್ಕೆ ಕೆಎನ್, ಕೊಡವ ತಕ್ಕಿಗೆ ಕೆಎಫ್‌ಎ. ಐಫೋನಿನಲ್ಲಿ ವಿಡಿಯೋ ಪೂರ್ತಿ ಪರದೆಗೆ ಹೋದಾಗ ಫೋನಿನ ಸ್ವಂತ ಪ್ಲೇಯರ್ ಬರುತ್ತದೆ. ಆಗ ಟ್ರ್ಯಾಕ್ ಟ್ಯಾಗ್‌ನಲ್ಲಿ ಹಾಕಿದ್ದು ಉಳಿಯುತ್ತದೆ, ಪುಟದ ಮೇಲೆ ಬೇರೆ ಥರ ಅಂಟಿಸಿದ್ದು ಮಾಯ. ಫೋನಿನ ಮೂಲ ಫೈಲನ್ನು ಮಾತ್ರ ಅಳಿಸಬೇಡಿ.

ಕೇಳಿದವರು, ನಾಲ್ಕು ದಿನ ಬಿಟ್ಟು:

ಆಯ್ತು. ಚಿಕ್ಕಪ್ಪನಿಗೆ ಚಿತ್ರವೂ ಬಂತು, ಅಕ್ಷರವೂ ಬಂತು. ಪೂರ್ತಿ ನೋಡಿ ಫೋನ್ ಮಾಡಿದರು. ‘ಹುತ್ತರಿ’ ಅಂತ ಯಾಕೆ ಬರೆದೆ, ನಾವು ‘ಪುತ್ತರಿ’ ಅನ್ನುವುದಲ್ವಾ ಅಂತ ಬೈಗುಳ. ನೋಟ್‌ಪ್ಯಾಡಿನಲ್ಲಿ ಒಂಬತ್ತು ಕಡೆ ತಿದ್ದಿ ಮತ್ತೆ ಏರಿಸಿದೆ, ಐದು ನಿಮಿಷ ಹಿಡಿಯಿತು. ಅಚ್ಚು ಹಾಕಿದ್ದರೆ ಮತ್ತೆ ಚಾರ್ಜ್ ತುಂಬಿಸಿಕೊಂಡು ಕೂರಬೇಕಿತ್ತು.