‘ಹಿಂದೆ ಸರಿಯದವನೇ ಫೈರ್‌ಮನ್’: ನಮ್ಮ ಮನೆಮಂದಿ ಗ್ರೂಪ್

ನಾಗರಾಜ ದೊಡ್ಡಪ್ಪ (ಫಾರ್ವರ್ಡ್): ಏಪ್ರಿಲ್ 14, ಅಗ್ನಿಶಾಮಕ ದಿನ. 1944ರ ಈ ದಿನ ಬೊಂಬಾಯಿಯ ವಿಕ್ಟೋರಿಯಾ ಡಾಕ್‌ನಲ್ಲಿ 66 ವೀರರು ಒಂದು ಹೆಜ್ಜೆ ಹಿಂದೆ ಇಡದೆ ಪ್ರಾಣ ಕೊಟ್ಟರು!! ನಿಜವಾದ ಫೈರ್‌ಮನ್ ಎಂದೂ ಹಿಂದಿರುಗುವುದಿಲ್ಲ. ಬೆನ್ನಿಗೆ 45 ನಿಮಿಷದ ಆಕ್ಸಿಜನ್, ಎದೆಯಲ್ಲಿ ಗುಂಡಿಗೆ! 10 ಗುಂಪಿಗೆ ಕಳಿಸಿ 🙏🙏

ಸರೋಜ ಚಿಕ್ಕಮ್ಮ: ನೋಡಿದ್ರಾ ಭಾವ? ನಾನು ಹೇಳ್ತಿದ್ದಿದ್ದೂ ಇದೇ. ಚೇತನ್‌ಗೆ ಫೈರ್‌ಮನ್ ಕೆಲಸದ ಆರ್ಡರ್ ಬಂದ ದಿನದಿಂದ ನಂಗೆ ನಿದ್ದೆ ಇಲ್ಲ.

ಸುಧೀರ್: ಅಪ್ಪ, ಸೋರ್ಸ್ ಏನು ಇದಕ್ಕೆ?

ನಾಗರಾಜ ದೊಡ್ಡಪ್ಪ: ಎಲ್ಲಕ್ಕೂ ಸೋರ್ಸ್ ಕೇಳೋ ಕಾಲ ಬಂತು. ತ್ಯಾಗಕ್ಕೆ ಸೋರ್ಸ್ ಬೇಕಾ? ಚೇತನಾ, ಸೇರಿದ ಮೇಲೆ ಕುಲದ ಮರ್ಯಾದೆ ಉಳಿಸು, ಬೆನ್ನು ತೋರಿಸಬೇಡ.

ಸರೋಜ ಚಿಕ್ಕಮ್ಮ: ಕಂಪನಿ ಕೆಲಸ ಬಿಡ್ತೀನಿ ಅಂದಾಗ ಅವನಿಗೆ ಬುದ್ಧಿ ಹೇಳಿ ಅಂತ ನಿಮ್ಮ ಮನೆಗೇ ಬಂದಿದ್ದೆ. ಆಗ ಒಂದು ಮಾತು ಆಡಲಿಲ್ಲ.

ವಿನಯ್: ಅಜ್ಜಿ ಮನೆ ಬಣವೆಗೆ ಬೆಂಕಿ ಬಿದ್ದಿದ್ದು ನೆನಪಿದೆಯಾ ಎಲ್ಲರಿಗೂ? ಊರೋರೆಲ್ಲ ಕೊಡಪಾನ ಹಿಡಿದು ಸಾಲಾಗಿ ನಿಂತಿದ್ರು. ಆ ಒಗ್ಗಟ್ಟು ಈಗೆಲ್ಲಿ? ಗೃಹಪ್ರವೇಶಕ್ಕೂ ಬರಲ್ಲ ಕೆಲವರು.

ಸುಧೀರ್: ನನ್ನನ್ನೇ ಹೇಳ್ತಿದ್ದೀಯ ಅಂತ ಗೊತ್ತು. ಕಾರ್ಡ್ ಕೊಟ್ಟಿದ್ರೆ ಬರ್ತಿದ್ದೆ.

ವಿನಯ್: ಕಾರ್ಡ್ ಇದೇ ಗ್ರೂಪಲ್ಲಿ ಹಾಕಿದ್ದೆ, ಹುಡುಕಿ ನೋಡು.

ರಾಮಣ್ಣ ಮಾವ: ಎಲ್ಲರೂ ಒಂದು ನಿಮಿಷ ತಡೀರಿ. ಬೆನ್ನ ಮೇಲಿರೋದು ಆಕ್ಸಿಜನ್ ಅಲ್ಲ, ಒತ್ತಿ ತುಂಬಿದ ಸಾಮಾನ್ಯ ಗಾಳಿ. 6 ಲೀಟರ್ ಸಿಲಿಂಡರ್, 300 ಬಾರ್ ಒತ್ತಡ ಅಂದ್ರೆ ಸುಮಾರು 1,800 ಲೀಟರ್ ಗಾಳಿ. ನಿಮಿಷಕ್ಕೆ 40 ಲೀಟರ್ ಎಳೆದರೆ ಲೆಕ್ಕಕ್ಕೆ 45 ನಿಮಿಷ. ಹೋಸ್ (ನೀರಿನ ಪೈಪು) ಎಳೆದು ಮೆಟ್ಟಿಲು ಹತ್ತುವವನು 80 ಲೀಟರ್ ಎಳೆಯಬಹುದು, ಆಗ ಪೂರ್ತಿ ಖಾಲಿ ಮಾಡಿದರೂ 22 ನಿಮಿಷ. ಸುಮಾರು 55 ಬಾರ್‌ಗೆ ಇಳಿದಾಗ ಎಚ್ಚರಿಕೆಯ ಸೀಟಿ ತಾನೇ ಕೂಗುತ್ತೆ. ಕೂಗೋ ಹೊತ್ತಿಗೆ ಹೊರಗಿರಬೇಕು, ಅದು ಕೂಗಿದ ಮೇಲೆ ಹೊರಡೋದಲ್ಲ.

ಸುಧೀರ್: ಹಾಗಾದ್ರೆ ಯಾವಾಗ ತಿರುಗೋದು ಮಾವ?

ರಾಮಣ್ಣ ಮಾವ: ಒಳಗೆ ಹೋಗೋಕೆ 80 ಬಾರ್ ಖರ್ಚಾಯ್ತು ಅಂದ್ಕೋ. ಬರೋಕೂ 80 ಬೇಕು. ಸೀಟಿಯ 55 ಸೇರಿಸಿದರೆ 135. ಗೇಜ್ (ಒತ್ತಡ ತೋರಿಸೋ ಮೀಟರ್) 135 ತೋರಿಸಿದ ತಕ್ಷಣ, ಎದುರಿಗೇ ಬಾಗಿಲು ಕಂಡರೂ ತಿರುಗಲೇಬೇಕು. ಇಬ್ಬರಲ್ಲಿ ಯಾರ ಗೇಜ್ ಕಡಿಮೆಯೋ ಅದೇ ಇಬ್ಬರಿಗೂ ಲೆಕ್ಕ. ಒಬ್ಬನನ್ನ ಒಳಗೆ ಬಿಟ್ಟು ಇನ್ನೊಬ್ಬ ಬರೋ ಹಾಗಿಲ್ಲ. ಬಾಗಿಲಲ್ಲಿ ಕೂತವನ ಬೋರ್ಡಿನಲ್ಲಿ ಪ್ರತಿಯೊಬ್ಬನ ಟ್ಯಾಲಿ ಇರುತ್ತೆ: ಹೆಸರು, ಒಳಹೋದ ಹೊತ್ತು, ಆಗಿದ್ದ ಒತ್ತಡ. ಹೊತ್ತು ಮೀರಿದರೆ ಹುಡುಕೋಕೆ ಇನ್ನೊಂದು ಜೋಡಿಯನ್ನ ಒಳಗೆ ಕಳಿಸಬೇಕಾಗುತ್ತೆ. ಹಟ ಹಿಡಿದು ನಿಂತವನು ಆ ಇಬ್ಬರ ಜೀವವನ್ನೂ ಅಪಾಯಕ್ಕೆ ಒಡ್ಡುತ್ತಾನೆ.

ನಾಗರಾಜ ದೊಡ್ಡಪ್ಪ: ಅಂದ್ರೆ ಬೊಂಬಾಯಿಯ ಆ 66 ಜನ ತಪ್ಪು ಮಾಡಿದರು ಅಂತೀರಾ? ಇವತ್ತಿನ ದಿನವೇ ಈ ಮಾತು?

ರಾಮಣ್ಣ ಮಾವ: ಅವರ ಬಗ್ಗೆ ನಂಗೆ ಕೈ ಮುಗಿಯೋವಷ್ಟು ಗೌರವ. ಅವತ್ತು ಆ ಡಾಕ್‌ನಲ್ಲಿ ಬೆಂಕಿ ಬಿದ್ದ ಫೋರ್ಟ್ ಸ್ಟಿಕೀನ್ ಹಡಗಲ್ಲಿ ಹತ್ತಿ ಮೂಟೆ ಜೊತೆಗೆ ಸುಮಾರು 1,400 ಟನ್ ಸ್ಫೋಟಕ ಇತ್ತು. 900 ಟನ್‌ಗೂ ಹೆಚ್ಚು ನೀರು ಸುರಿದರೂ ಹೊಗೆಯಲ್ಲಿ ಬೆಂಕಿಯ ಮೂಲ ಸಿಗಲಿಲ್ಲ. ಸಂಜೆ 4 ಗಂಟೆ ದಾಟುತ್ತಲೇ ಹಡಗು ಸಿಡೀತು. ವಿನಯ್ ಹೇಳಿದ ಬಣವೆಯಲ್ಲೂ ಅಷ್ಟೇ: ಮೇಲೆ ಎಷ್ಟು ನೀರು ಹಾಕಿದರೂ ಒಳಗೆ ಉರೀತಾ ಇರುತ್ತೆ, ಬಿಚ್ಚಿ ಹರಡಿಯೇ ಆರಿಸಬೇಕು. ಹಡಗಿನ ಹೊಟ್ಟೆಯಲ್ಲಿ ಮೂಟೆ ಬಿಚ್ಚೋಕೆ ಎಲ್ಲಿ ಸಾಧ್ಯ? ಅವರನ್ನ ನೆನೆಯೋಣ. ಆದರೆ ಅವರ ಹೆಸರು ಹೇಳಿ ಹೊಸ ಹುಡುಗರಿಗೆ ಹಿಂದೆ ಬರಬೇಡಿ ಅಂತ ಕಲಿಸಬೇಡಿ.

ನಾಗರಾಜ ದೊಡ್ಡಪ್ಪ: ನಾನು ಕಲಿಸಿಲ್ಲ, ಬಂದಿದ್ದನ್ನ ಕಳಿಸಿದೆ.

ಸುಧೀರ್: ಅದೇ ಸಮಸ್ಯೆ ಅಪ್ಪ.

ನಾಗರಾಜ ದೊಡ್ಡಪ್ಪ: ನೀನು ಎಲ್ಲರ ಮುಂದೆ ನನ್ನ ತಿದ್ದೋದು ಬಿಡು.

ಸರೋಜ ಚಿಕ್ಕಮ್ಮ: ಅಪ್ಪ ಮಗ ಆಮೇಲೆ ಮಾತಾಡ್ಕೊಳ್ಳಿ. ರಾಮಣ್ಣ, ಹೊಗೇಲಿ ಕಣ್ಣೇ ಕಾಣಲ್ವಲ್ಲ, ಅವನು ದಾರಿ ಹೇಗೆ ಹುಡುಕ್ತಾನೆ?

ರಾಮಣ್ಣ ಮಾವ: ಗೋಡೆ ಹಿಡಿದು ಸರೋಜ. ಯಾವ ಕಡೆ ಗೋಡೆ ಮುಟ್ಟಿಕೊಂಡು ಹೋದನೋ ಅದೇ ಗೋಡೆ ಹಿಡಿದು ವಾಪಸ್. ಇಲ್ಲಾಂದ್ರೆ ಹೋಸ್ ಹಿಡಿದು. ಅಂಗೈಯಿಂದ ತಡವಬಾರದು, ಕೈ ಹಿಂಭಾಗದಿಂದ. ಕರೆಂಟ್ ಇರೋ ತಂತಿ ತಾಗಿದರೆ ಬೆರಳು ಮಡಚಿಕೊಳ್ಳುತ್ತೆ, ಅಂಗೈಯಲ್ಲಿದ್ದರೆ ತಂತಿಯನ್ನೇ ಹಿಡಿದುಬಿಡುತ್ತೆ. ಹಿಂಭಾಗ ತಾಗಿದರೆ ಕೈ ತಾನೇ ದೂರ ಸರಿಯುತ್ತೆ. ಭಾರವೆಲ್ಲ ಹಿಂದಿನ ಕಾಲ ಮೇಲೆ, ಮುಂದಿನ ಕಾಲು ನೆಲ ಸವರಿ ನೋಡಬೇಕು, ಯಾಕಂದ್ರೆ ನೆಲವೇ ಕುಸಿದಿರಬಹುದು.

ಚೇತನ್: ಮಾವ, ಭಯ ಆದ್ರೆ ಏನ್ ಮಾಡೋದು? ಇದನ್ನ ಮನೇಲಿ ಕೇಳೋಕೆ ಆಗಿರಲಿಲ್ಲ.

ರಾಮಣ್ಣ ಮಾವ: ಆಗುತ್ತೆ ಕಂದ. ಭಯಕ್ಕೆ ಉಸಿರು ಜೋರಾಗುತ್ತೆ, ಗಾಳಿ ಬೇಗ ಮುಗಿಯುತ್ತೆ. ಅದಕ್ಕೇ ನಿಲ್ಲು, ಗೋಡೆಗೆ ಭುಜ ಕೊಡು, ನಿಧಾನವಾಗಿ ಉಸಿರು ಬಿಡು, ಗೇಜ್ ಓದಿ ಜೊತೆಗಾರನಿಗೆ ಜೋರಾಗಿ ಹೇಳು. ಕತ್ತಲೆ ಕೋಣೆಯಲ್ಲಿ ಇದನ್ನೇ ಮತ್ತೆ ಮತ್ತೆ ಮಾಡಿಸ್ತಾರೆ, ಮೈಗೆ ರೂಢಿಯಾಗೋವರೆಗೆ. ಇನ್ನೊಂದು, ಆ ಗಡ್ಡ ತೆಗಿ. ಮುಖಕ್ಕೂ ಮಾಸ್ಕ್ ಅಂಚಿಗೂ ನಡುವೆ ಕೂದಲಿದ್ದರೆ ಸೀಲ್ ಕೂರಲ್ಲ, ಗಾಳಿ ಸೋರಿ ಹೋಗುತ್ತೆ. ಹಾಕಿಕೊಂಡಾಗೆಲ್ಲ ಸಿಲಿಂಡರ್ ಗಾಳಿ ನಿಲ್ಲಿಸಿ ಉಸಿರೆಳೆದು ನೋಡಬೇಕು, ಮಾಸ್ಕ್ ಮುಖಕ್ಕೆ ಅಂಟಿ ನಿಲ್ಲಬೇಕು.

ವಿನಯ್: ಗಡ್ಡ ತೆಗೆದರೆ ಪಿಯುಸಿ ಹುಡುಗನ ಥರ ಕಾಣ್ತಾನೆ 😀 ಚಿಕ್ಕಮ್ಮ, ಕಳಿಸಿಕೊಡೋ ದಿನ ನಾನೂ ಬಸ್ ಸ್ಟ್ಯಾಂಡಿಗೆ ಬರ್ತೀನಿ.

ಸರೋಜ ಚಿಕ್ಕಮ್ಮ: ಬಾ. ಟ್ರಂಕ್ ನಾನೇ ತುಂಬ್ತೀನಿ. ರಾಮಣ್ಣ, ಭಾನುವಾರ ಊಟಕ್ಕೆ ಬಂದು ಆ 135ರ ಲೆಕ್ಕ ಪೇಪರ್ ಮೇಲೆ ಬರೆದು ತೋರಿಸು, ನಂಗೂ ಅರ್ಥ ಆಗಬೇಕು. ಭಾವ, ನೀವೂ ಅಕ್ಕನೂ ಬನ್ನಿ.

ನಾಗರಾಜ ದೊಡ್ಡಪ್ಪ: ಬರ್ತೀವಿ. ಫಾರ್ವರ್ಡ್ ಡಿಲೀಟ್ ಮಾಡೋದು ಹೇಗೆ, ಯಾರಾದ್ರೂ ಹೇಳಿ. ಸುಧೀರ್ ಬೇಡ.